ಪರದೇಶದ ಬೀದಿ, ಪರರ ಮುಖ

ಛಾಯಾಚಿತ್ರದೊಳಕ್ಕೆ ಮೊತ್ತಮೊದಲು ಕಾಲಿಟ್ಟ ಮನುಷ್ಯನ ಹೆಸರು ಲೋಕಕ್ಕೆ ತಿಳಿಯದು. 1838ರಲ್ಲಿ ಲೂಯಿ ಡಗೇರ್ ಎಂಬಾತನು ಪ್ಯಾರಿಸ್ ನಗರದ ಬುಲೆವಾರ್ ದು ತಾಂಪ್ಲ್ ಎಂಬ ಬೀದಿಯನ್ನು ಎತ್ತರದ ಕಿಟಕಿಯೊಂದರಿಂದ, ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲೆ ಮೂಡಿಸಿಕೊಂಡನು. ಆ ಕಾಲದಲ್ಲಿ ಒಂದು ಚಿತ್ರ ಮೂಡಬೇಕಾದರೆ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಬೀದಿಯಲ್ಲಿ ಓಡಾಡುತ್ತಿದ್ದ ಗಾಡಿಗಳೂ ಪಾದಚಾರಿಗಳೂ ಒಂದೆಡೆ ನಿಲ್ಲದೆ ಇದ್ದುದರಿಂದ ಫಲಕದ ಮೇಲೆ ಅವರ ಗುರುತೂ ಉಳಿಯಲಿಲ್ಲ. ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತಿದ್ದ ಒಬ್ಬಾತ ಮಾತ್ರ, ಅವನ ಕಾಲ ಬಳಿ ಮಸುಕಾಗಿ ಕಾಣುವ ಬೂಟು ಒರೆಸುವವನೊಡನೆ, ಉಳಿದುಕೊಂಡನು. ತನ್ನ ಚಿತ್ರ ಮೂಡುತ್ತಿದೆಯೆಂದು ಅವನಿಗೆ ತಿಳಿದಿತ್ತೆಂದು ನಂಬಲು ಕಾರಣವಿಲ್ಲ. ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಾರರು.

ಬೀದಿಯ ಛಾಯಾಗ್ರಹಣವೆಂದು ಈಗ ಹೆಸರಾಗಿರುವ ಕಲೆಯ ಸೊಗಸೂ ಅದರ ಸಂಕಟವೂ ಈ ಒಂದು ಚಿತ್ರದಲ್ಲಿಯೇ ಬೀಜರೂಪವಾಗಿ ಇವೆ. ಏರ್ಪಾಡಿಲ್ಲದೆ, ವೇಷವಿಲ್ಲದೆ, ಜನ ತಮ್ಮ ಪಾಡಿಗೆ ತಾವು ಬಾಳುತ್ತಿರುವಾಗ ಕಂಡುದನ್ನು ಕಂಡಂತೆ ಹಿಡಿಯುವುದು ಅದರ ಸೊಗಸು. ಹಿಡಿಯಲ್ಪಟ್ಟವರಿಗೆ ಅದು ತಿಳಿಯದೆ ಹೋಗುವುದು ಅದರ ಸಂಕಟ. ಈಗ ನಮ್ಮ ತರುಣ ತರುಣಿಯರು ವ್ಯಾಸಂಗಕ್ಕೆಂದೂ ಉದ್ಯೋಗಕ್ಕೆಂದೂ ವಿಹಾರಕ್ಕೆಂದೂ ಹೊರದೇಶಗಳಿಗೆ ಹೋಗುವುದು ಅಪರೂಪವಲ್ಲ. ಅವರಲ್ಲಿ ಕೆಲವರು, ಜೇಬಿನ ಫೋನಿನಲ್ಲಿಯೇ ಒಳ್ಳೆಯ ಕ್ಯಾಮೆರಾ ಇರುವಾಗಲೂ, ಹಳೆಯ ಫಿಲ್ಮ್ ಕ್ಯಾಮೆರಾ ಕೊಂಡು ಆ ಊರುಗಳ ಬೀದಿಗಳಲ್ಲಿ ಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದಾರೆ. ‘ರೀಲು’ ಎಂದರೆ ಸ್ಟುಡಿಯೋದವರಿಗೆ ಕೊಟ್ಟು ತೊಳೆಸುವ ವಸ್ತುವೆಂದು ತಿಳಿದು ಬೆಳೆದ ಹಿರಿಯರು ಇದನ್ನು ಕಂಡು ನಗುವುದುಂಟು; ಆ ಮಾತಿಗೆ ಬೇರೆಯೇ ಅರ್ಥವನ್ನು ಬಲ್ಲ ಕಿರಿಯರೂ ನಗುವುದುಂಟು. ಇದು ಬರಿಯ ಷೋಕಿಯೆಂಬ ಮಾತನ್ನು ನಾನು ಒಪ್ಪಲಾರೆ. ಸರಿಯಾಗಿ ಕೈಕೊಂಡರೆ ಇದು ಕಣ್ಣಿಗೂ ನಡತೆಗೂ ಒಂದು ಶಿಕ್ಷಣ. ಹಾಗೆ ಕೈಕೊಳ್ಳದಿದ್ದರೆ ಇದು ಪರರ ಮುಖಗಳ ಸುಲಿಗೆಯಾಗುತ್ತದೆ. ಈ ಎರಡರ ನಡುವಿನ ಗೆರೆ ಎಲ್ಲಿದೆಯೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಫಿಲ್ಮಿನ ಮಾತು. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಕುಶಲಿಯು ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಅಂಗೈಯಗಲದ ಪೆಟ್ಟಿಗೆಯಲ್ಲಿ ಅಡ್ಡವಾಗಿ ಓಡಿಸಬಹುದೆಂದು ಕಂಡುಕೊಂಡನು. ಅವನ ಪ್ರಯತ್ನದ ಫಲವಾದ ಲೈಕಾ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ ಜನರ ಮುಂದೆ ಬಂದಿತು. ಈ ಚಿಕ್ಕ ಕ್ಯಾಮೆರಾ ಮನುಷ್ಯನ ಕೊರಳಿಗೆ ಬಂದು, ಅವನೊಡನೆ ಬೀದಿಗೆ ಇಳಿಯಿತು. 1932ರಲ್ಲಿ ಆನ್ರಿ ಕಾರ್ಟಿಯೆ ಬ್ರೆಸ್ಸಾನ್ ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಹಾರುತ್ತಿರುವ ಒಬ್ಬ ಮನುಷ್ಯನನ್ನು ಅವನ ಹಿಮ್ಮಡಿ ನೀರನ್ನು ಮುಟ್ಟುವ ಮುನ್ನವೇ ಹಿಡಿದನು. ಈ ಚಿಕ್ಕ ಕ್ಯಾಮೆರಾ ಇಲ್ಲದಿದ್ದರೆ ಅಂಥ ಚಿತ್ರ ಸಾಧ್ಯವಾಗುತ್ತಿರಲಿಲ್ಲ.

ಒಂದು ರೀಲಿನಲ್ಲಿ ಮೂವತ್ತಾರು ಚಿತ್ರಗಳು. ಗುಂಡಿಯನ್ನೊತ್ತಿದಾಗ ಬೆಳಕು ಫಿಲ್ಮಿನ ಮೇಲಿನ ಬೆಳ್ಳಿಯ ಲವಣದ ಹರಳುಗಳನ್ನು ತಾಕುತ್ತದೆ. ಆಗ ಮೂಡುವ ಬಿಂಬ ಕಣ್ಣಿಗೆ ಕಾಣುವಂಥದಲ್ಲ, ಅದು ಸುಪ್ತವಾಗಿರುತ್ತದೆ. ಕತ್ತಲೆಯ ಕೋಣೆಯಲ್ಲಿ ರಾಸಾಯನಿಕ ದ್ರವದಲ್ಲಿ ತೊಳೆದು, ಹೈಪೊ ದ್ರಾವಣದಲ್ಲಿ ನೆಲೆಗೊಳಿಸಿದ ಮೇಲೆಯೇ ಅದು ಬೆಳಕಿಗೆ ಬರುತ್ತದೆ. ಬಹುಪಾಲು ಹಳೆಯ ಕ್ಯಾಮೆರಾಗಳಲ್ಲಿ ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕು. 400ರ ವೇಗದ ಫಿಲ್ಮಿಗೆ ನಿಚ್ಚಳವಾದ ಬಿಸಿಲಿನಲ್ಲಿ ಲೆನ್ಸಿನ ಕಿಂಡಿ 16ರಲ್ಲಿ, ಷಟರು ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಇರಬೇಕೆಂಬುದು ಹಳಬರ ಲೆಕ್ಕ. ನೆರಳಿಗೆ ಬಂದರೆ ಎಷ್ಟು ಹೆಚ್ಚಿಸಬೇಕೆಂದು ಕಣ್ಣೇ ಹೇಳಬೇಕು. 50 ಮಿಲಿಮೀಟರ್ ಲೆನ್ಸಿನ ಕಿಂಡಿಯನ್ನು 11ಕ್ಕೆ ಇಳಿಸಿ ದೂರವನ್ನು 4 ಮೀಟರಿಗೆ ನಿಲ್ಲಿಸಿದರೆ, ಸುಮಾರು 3 ಮೀಟರಿನಿಂದ 8 ಮೀಟರಿನವರೆಗೆ ಇರುವುದೆಲ್ಲ ಸ್ಫುಟವಾಗಿ ಬರುತ್ತದೆ. ಇದನ್ನು ಮೊದಲೇ ಸಿದ್ಧಮಾಡಿಕೊಂಡವನು ಯಂತ್ರವನ್ನು ಮರೆತು ಬೀದಿಯನ್ನು ನೋಡಬಹುದು. ಹೀಗೆ ಹದಿನೈದು ದಿನ ನಡೆದವನಿಗೆ ಬೆಳಕಿನ ಏರಿಳಿತವೂ ಮನುಷ್ಯ ಮನುಷ್ಯರ ನಡುವಿನ ದೂರವೂ ಮೈಗೂಡಿ ಬರುತ್ತವೆ.

ಫಿಲ್ಮಿನ ಪಕ್ಷವನ್ನು ಹಿಡಿಯುವವರು ಸಾಮಾನ್ಯವಾಗಿ ಹೇಳುವುದು ಮಿತವ್ಯಯದ ಮಾತನ್ನು: ಮೂವತ್ತಾರೇ ಇರುವುದರಿಂದ ಯೋಚಿಸಿ ಒತ್ತುತ್ತೇವೆ ಎನ್ನುತ್ತಾರೆ. ಈ ವಾದ ಪೂರ್ತಿ ನಿಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಫ್ರಾಂಕ್ 1955 ಮತ್ತು 1956ರಲ್ಲಿ ಅಮೆರಿಕವನ್ನೆಲ್ಲ ಸುತ್ತಿ ಸುಮಾರು 28,000 ಚಿತ್ರಗಳನ್ನು ತೆಗೆದನು. ನ್ಯೂಯಾರ್ಕಿನ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ತೊಳೆಯದೆ ಉಳಿದಿದ್ದ ರೀಲುಗಳೇ ಸುಮಾರು 2,500. ಇವರನ್ನು ಮಿತವ್ಯಯಿಗಳೆಂದು ಯಾರೂ ಕರೆಯಲಾರರು. ಆದರೆ ಫ್ರಾಂಕ್ ಆ ಇಪ್ಪತ್ತೆಂಟು ಸಾವಿರದಿಂದ ತನ್ನ ಪುಸ್ತಕಕ್ಕೆ ಆರಿಸಿಕೊಂಡುದು 83ನ್ನು ಮಾತ್ರ. ವಿನೋಗ್ರಾಂಡ್ ತೆಗೆದ ರೀಲನ್ನು ಬೇಕೆಂದೇ ಬಹುಕಾಲ ಇಟ್ಟು ಆಮೇಲೆ ತೊಳೆಯುತ್ತಿದ್ದನು. ತೆಗೆದ ದಿನದ ಉತ್ಸಾಹ ಚಿತ್ರದ ಬೆಲೆಯನ್ನು ಹೆಚ್ಚಿಸಿ ತೋರಿಸಬಾರದೆಂಬುದು ಅವನ ಎಣಿಕೆ. ಫಿಲ್ಮಿನ ನಿಜವಾದ ಗುಣ ಇಲ್ಲಿದೆ. ತೆಗೆಯುವುದಕ್ಕೂ ತೂಗುವುದಕ್ಕೂ ನಡುವೆ ಅದು ಕಾಲವನ್ನು ಇಡುತ್ತದೆ. ಫೋನಿನಲ್ಲಿ ಈ ಎರಡು ಕ್ರಿಯೆಗಳು ಒಂದಾಗಿ ಹೋಗಿವೆ. ತೆಗೆದು, ಕೂಡಲೆ ನೋಡಿ, ಕೂಡಲೆ ಮೆಚ್ಚಿ, ಮರುನಿಮಿಷದಲ್ಲಿ ಸಾವಿರ ಜನರ ಮುಂದೆ ಇಡುವುದೇ ರೂಢಿಯಾಗಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಾಗಿ ಕಾಣಬಾರದು. ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ವಸ್ತುವನ್ನು ಇದ್ದಂತೆಯೇ ಕಣ್ಣಮುಂದೆ ನಿಲ್ಲಿಸುವ ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನು ಕೊಟ್ಟನು. ಕುಂತಕನು ಇದನ್ನು ಆಕ್ಷೇಪಿಸಿ, ಸ್ವಭಾವವೇ ಅಲಂಕರಿಸಬೇಕಾದ ವಸ್ತುವಾಗಿರುವಾಗ ಅದೇ ಅಲಂಕಾರ ಹೇಗಾದೀತೆಂದು ಕೇಳಿದನು. ಬೀದಿಯ ಚಿತ್ರವನ್ನು ನೋಡಿದಾಗ ಇಬ್ಬರ ಮಾತಿನಲ್ಲಿಯೂ ಹುರುಳಿದೆಯೆಂದು ತೋರುತ್ತದೆ. ಬೀದಿಯಲ್ಲಿ ಇದ್ದುದೆಲ್ಲ ಚಿತ್ರವಾಗುವುದಿಲ್ಲ. ಸಾವಿರ ಕ್ಷಣಗಳಲ್ಲಿ ಒಂದನ್ನು ಆರಿಸಿ, ಅದಕ್ಕೊಂದು ಚೌಕಟ್ಟನ್ನು ಕೊಟ್ಟಾಗ ಅಲ್ಲಿ ತೆಗೆಯುವವನ ವಿವೇಕ ಬೆರೆಯುತ್ತದೆ. ಆ ವಿವೇಕ ಪಕ್ವವಾಗಲು ಕಾಲ ಬೇಕು. ಬರೆದ ಪ್ರಬಂಧವನ್ನು ಒಂದು ವಾರ ಮಡಿಚಿಟ್ಟು ಆಮೇಲೆ ತಿದ್ದಿರೆಂದು ನಾವು ತರಗತಿಗಳಲ್ಲಿ ಹೇಳುವುದಿಲ್ಲವೆ? ಫಿಲ್ಮು ಈ ಉಪದೇಶವನ್ನು ಮಾಡುವುದಿಲ್ಲ. ಮಡಿಚಿಡದೆ ಬೇರೆ ದಾರಿಯೇ ಇಲ್ಲದಂತೆ ಮಾಡುತ್ತದೆ.

ಇನ್ನು ಪರದೇಶದ ಮಾತು. 2023ರ ಬೇಸಿಗೆಯಲ್ಲಿ ತಮ್ಮನ ಮನೆಯಲ್ಲಿ ಆರು ವಾರ ಇದ್ದು ಬರ್ಲಿನ್ ನಗರದ ಬೀದಿಗಳಲ್ಲಿ ನಾನು ಈ ಅಭ್ಯಾಸವನ್ನು ಮಾಡಿದೆ. ಮೌವರ್‌ಪಾರ್ಕಿನ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ, ಡ್ರೆಸ್ಡೆನ್ನಿನಲ್ಲಿ ತಯಾರಾದ ಹಳೆಯ ಪ್ರಾಕ್ಟಿಕಾ ಕ್ಯಾಮೆರಾ ಸಿಕ್ಕಿತು. ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಹೊತ್ತು ಮುಳುಗುವುದಿಲ್ಲ. ಸಂಜೆಯ ಓರೆ ಬಿಸಿಲು ಗಂಟೆಗಟ್ಟಲೆ ಗೋಡೆಗಳ ಮೇಲೆ ನಿಂತಿರುತ್ತದೆ. ಭಾಷೆ ತಿಳಿಯದ ಊರಿನಲ್ಲಿ ಮನುಷ್ಯನ ಕಣ್ಣು ಹರಿತವಾಗುವುದು ನಿಜ. ನಮ್ಮ ಬೀದಿಯಲ್ಲಿ ನಾವು ಫಲಕಗಳನ್ನು ಓದುತ್ತೇವೆ, ಮಾತುಗಳನ್ನು ಕೇಳಿಸಿಕೊಳ್ಳುತ್ತೇವೆ, ಪರಿಚಿತರಿಗೆ ನಮಸ್ಕರಿಸುತ್ತೇವೆ. ನೋಡುವುದಕ್ಕೆ ಬಿಡುವೇ ಇರುವುದಿಲ್ಲ. ಅಲ್ಲಿ ಮಾತೆಲ್ಲ ಬರಿಯ ಸದ್ದಾದಾಗ, ಹಳದಿಯ ಭೂಗತ ರೈಲಿಗಾಗಿ ಕಾಯುವ ಮುದುಕಿ ತನ್ನ ಚೀಲವನ್ನು ಎದೆಗೆ ಒತ್ತಿಕೊಂಡಿರುವ ರೀತಿ ಕಾಣುತ್ತದೆ. ಪರದೇಶವು ಕಣ್ಣಿಗೆ ಒಳ್ಳೆಯ ಮೊದಲನೆಯ ಪಾಠಶಾಲೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಅದು ಮೊದಲನೆಯ ತರಗತಿ ಮಾತ್ರ. ಹೊಸಬನ ಕಣ್ಣಿಗೆ ಮೊದಲು ಬೀಳುವುದು ವಿಲಕ್ಷಣವಾದುದು: ರೈಲಿನಲ್ಲಿ ಕುಳಿತ ನಾಯಿ, ಬಣ್ಣ ಬಳಿದ ಕೂದಲು, ಚಳಿಗೂ ಲೆಕ್ಕಿಸದೆ ಐಸ್‌ಕ್ರೀಂ ತಿನ್ನುವವರು. ಅವನು ತೆಗೆದುದು ಆ ಜನರ ಬಾಳನ್ನಲ್ಲ, ತನ್ನ ಆಶ್ಚರ್ಯವನ್ನು. ಇದರಲ್ಲೇನು ಕೇಡೆಂದು ಕೇಳುವವರು ನಮ್ಮ ದೇಶದ ಬೀದಿಗಳು ಹೊರಗಿನವರ ಕ್ಯಾಮೆರಾಗಳಲ್ಲಿ ಹೇಗೆ ಕಾಣುತ್ತ ಬಂದಿವೆಯೆಂಬುದನ್ನು ನೆನೆಯಬೇಕು. ಹಸು, ಬೈರಾಗಿ, ಭಿಕ್ಷುಕ, ಕಾಶಿಯ ಘಟ್ಟದಲ್ಲಿ ಉರಿಯುವ ಚಿತೆ: ಇಷ್ಟನ್ನೇ ಮತ್ತೆ ಮತ್ತೆ ತೆಗೆದುಕೊಂಡು ಹೋದವರನ್ನು ನಾವು ಬಲ್ಲೆವು. ಸತ್ತವರ ಮನೆಯವರನ್ನು ಒಂದು ಮಾತು ಕೇಳದೆ ಚಿತೆಯ ಚಿತ್ರ ತೆಗೆದವರ ಮೇಲೆ ನಮಗೆ ಕೋಪ ಬಂದಿದೆ. ಅದು ನ್ಯಾಯವಾದ ಕೋಪವೇ. ಹಾಗಿರುವಾಗ ಆ ಕೋಪವನ್ನು ಊರಿನಲ್ಲಿ ಬಿಟ್ಟು, ಕ್ಯಾಮೆರಾವನ್ನು ಮಾತ್ರ ವಿಮಾನಕ್ಕೆ ಹತ್ತಿಸುವುದು ಸರಿಯೆ?

ಹೊರಗಿನವನಿಗೆ ಮಾತ್ರ ಕಾಣುವ ಸತ್ಯಗಳೂ ಉಂಟೆಂದು ಒಪ್ಪಬೇಕು. ಫ್ರಾಂಕ್ 1955ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಟ್ರಾಮಿನ ಕಿಟಕಿಗಳ ಸಾಲನ್ನು ಚಿತ್ರಿಸಿದನು. ಮುಂದೆ ಬಿಳಿಯರು, ಹಿಂದೆ ಕರಿಯರು. ಆ ದೇಶದ ಬಹುಮಂದಿ ದಿನವೂ ಹತ್ತಿ ಇಳಿದು ನೋಡದೆ ಬಿಟ್ಟ ಅನ್ಯಾಯವನ್ನು ಹೊರಗಿನಿಂದ ಬಂದ ಕಣ್ಣು ಕಂಡಿತು. ಅದೇ ವರ್ಷ ಆರ್ಕನ್ಸಾ ಪ್ರಾಂತದಲ್ಲಿ ಪೊಲೀಸರು ಅವನನ್ನು ಅನುಮಾನದ ಮೇಲೆ ಹಿಡಿದು ಲಾಕಪ್ಪಿನಲ್ಲಿಟ್ಟರು. ಪುಸ್ತಕ 1958ರಲ್ಲಿ ಮೊದಲು ಪ್ಯಾರಿಸ್ಸಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಹೊರಬಂದಿತು. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಫ್ರಾಂಕ್ ಅಮೆರಿಕಕ್ಕೆ ಬಂದುದು 1947ರಲ್ಲಿ. ಬಂದು ಎಂಟು ವರ್ಷಗಳಾದ ಮೇಲೆ ಅವನು ಆ ದೀರ್ಘ ಪ್ರಯಾಣಕ್ಕೆ ಹೊರಟನು. ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಜೀವಿಸಿ, ತೆಗೆದ ಚಿತ್ರಗಳನ್ನು ಬಹುಮಟ್ಟಿಗೆ ಯಾರಿಗೂ ತೋರಿಸದೆ 2009ರಲ್ಲಿ ತೀರಿಕೊಂಡ ವಿವಿಯನ್ ಮೇಯರ್ 1959–60ರಲ್ಲಿ ಭಾರತವನ್ನೂ ಸೇರಿಸಿ ಹಲವು ದೇಶಗಳನ್ನು ಸುತ್ತಿದಳು. ಆದರೆ ಆಕೆಯ ಹೆಸರು ನಿಂತಿರುವುದು ತಾನು ದುಡಿದು ಬದುಕಿದ ನ್ಯೂಯಾರ್ಕ್, ಷಿಕಾಗೋಗಳ ಬೀದಿಗಳ ಚಿತ್ರಗಳಿಂದ. ಪರಕೀಯತೆ ಕಣ್ಣನ್ನು ತೆರೆಸಬಹುದು, ಕಂಡುದು ಅರ್ಥವಾಗಬೇಕಾದರೆ ಅಲ್ಲಿ ನಿಲ್ಲಬೇಕು.

ಪರರ ಮುಖದ ಮೇಲೆ ನಮಗೇನು ಅಧಿಕಾರವೆಂಬ ಪ್ರಶ್ನೆಗೆ ಜರ್ಮನಿಯ ಕಾಯಿದೆ ಬಹುಹಿಂದೆಯೇ ಉತ್ತರ ಕೊಟ್ಟಿದೆ. 1898ರಲ್ಲಿ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಅವನ ಮನೆಗೆ ನುಗ್ಗಿ ಶವದ ಚಿತ್ರವನ್ನು ತೆಗೆದು ಮಾರಲು ಹೊರಟರು. ಅವರನ್ನು ಶಿಕ್ಷಿಸುವುದಕ್ಕೆ ಚಿತ್ರವನ್ನು ಕುರಿತ ಕಾನೂನೇ ಇರಲಿಲ್ಲ. ಅತಿಕ್ರಮ ಪ್ರವೇಶದ ಆಧಾರದ ಮೇಲೆ ನ್ಯಾಯಾಲಯ ತೀರ್ಪು ಕೊಡಬೇಕಾಯಿತು. ಈ ಪ್ರಕರಣದ ಹಿನ್ನೆಲೆಯಲ್ಲಿ ಬಂದ 1907ರ ಕಾಯಿದೆ, ವ್ಯಕ್ತಿಯ ಚಿತ್ರವನ್ನು ಅವನ ಒಪ್ಪಿಗೆಯಿಲ್ಲದೆ ಪ್ರಸಾರಮಾಡಬಾರದು, ಪ್ರದರ್ಶಿಸಬಾರದು ಎಂದು ವಿಧಿಸಿತು. ಸಭೆ ಮೆರವಣಿಗೆಗಳಿಗೂ ದೃಶ್ಯದ ಮೂಲೆಯಲ್ಲಿ ಆಕಸ್ಮಿಕವಾಗಿ ಬರುವವರಿಗೂ ವಿನಾಯಿತಿ ಕೊಟ್ಟಿತು. ಬರ್ಲಿನ್ನಿನ ರಸ್ತೆಯನ್ನು ದಾಟುತ್ತಿದ್ದ ಮಹಿಳೆಯೊಬ್ಬಳ ಚಿತ್ರವನ್ನು 2013ರಲ್ಲಿ ಪ್ರದರ್ಶನವೊಂದರ ಅಂಗವಾಗಿ ದೊಡ್ಡ ರಸ್ತೆಯ ಬದಿಯಲ್ಲಿ ಭಾರಿ ಗಾತ್ರದಲ್ಲಿ ತೂಗುಹಾಕಿದ್ದರ ಮೇಲೆ ವ್ಯಾಜ್ಯ ನಡೆಯಿತು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಬೀದಿಯ ಛಾಯಾಗ್ರಹಣ ಕಲೆಯೆಂಬುದನ್ನು ಮಾನ್ಯಮಾಡಿತು. ಆದರೂ ಆ ಮಹಿಳೆಯ ಪರವಾಗಿ ಬಂದಿದ್ದ ತೀರ್ಪನ್ನು ತಳ್ಳಿಹಾಕಲಿಲ್ಲ.

ಬೇರೆ ಊರಿಗೆ ಹೋದರೆ ನ್ಯಾಯವೂ ಬೇರೆ. ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಫಿಲಿಪ್ ಲೋರ್ಕಾ ಡಿ ಕೋರ್ಸಿಯಾ ತನಗೆ ತಿಳಿಯದಂತೆ ತೆಗೆದ ಚಿತ್ರ ತನ್ನ ಧರ್ಮಕ್ಕೆ ವಿರುದ್ಧವೆಂದು ಯೆಹೂದಿಯೊಬ್ಬರು ಹೂಡಿದ ದಾವೆಯನ್ನು, ಅದು ಕಲೆಯೆಂಬ ಕಾರಣದಿಂದ 2006ರಲ್ಲಿ ಅಲ್ಲಿನ ನ್ಯಾಯಾಲಯ ವಜಾಮಾಡಿತು. ಜಪಾನಿನ ಕ್ಯೋಟೋ ನಗರದ ಗಿಯೋನ್ ಪ್ರದೇಶದಲ್ಲಿ ಪ್ರವಾಸಿಗಳು ಕಲಾವಿದೆಯರನ್ನು ಹಿಂಬಾಲಿಸಿ ಚಿತ್ರ ತೆಗೆಯುವ ಹಾವಳಿ ಮಿತಿಮೀರಿ, ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆಯಬಾರದೆಂದು 2019ರಲ್ಲಿ ಫಲಕ ಹಾಕಿದರು. 2024ರಲ್ಲಿ ಅಂಥ ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಷೇಧಿಸಿದರು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಡಿ ದಾಟಿದೊಡನೆ ಕಾನೂನು ಬದಲಾಗುತ್ತದೆ. ಆದರೆ ಒಪ್ಪಿಗೆಯಿಲ್ಲದೆ ನೋಡಲ್ಪಟ್ಟವನ ಮುಜುಗರ ಬದಲಾಗುವುದಿಲ್ಲ. ಆದುದರಿಂದ ಕಾನೂನನ್ನು ತಿಳಿದಿರಬೇಕು, ಅಷ್ಟಕ್ಕೇ ನಿಲ್ಲಬಾರದು. ಫಿಲ್ಮಿಗೆ ಇಲ್ಲಿ ಒಂದು ವಿಶೇಷ ದೋಷವೂ ಇದೆ. ಅದರ ಅಭಿಮಾನಿಗಳು ಈ ಮಾತನ್ನು ಆಡುವುದಿಲ್ಲ. ಫೋನಿನಲ್ಲಿ ತೆಗೆದ ಚಿತ್ರವನ್ನು ಆ ವ್ಯಕ್ತಿಗೆ ಅಲ್ಲೇ ತೋರಿಸಬಹುದು. ಬೇಡವೆಂದರೆ ಅವನ ಕಣ್ಣೆದುರಿಗೇ ಅಳಿಸಬಹುದು. ಫಿಲ್ಮಿನಲ್ಲಿ ತೋರಿಸುವಂತಿಲ್ಲ, ಅಳಿಸುವಂತಿಲ್ಲ. ತೆಗೆದವನ ಮಾತನ್ನು ನಂಬುವುದಲ್ಲದೆ ಅವನಿಗೆ ಬೇರೆ ಗತಿಯಿಲ್ಲ. ಆ ನಂಬಿಕೆಯ ಭಾರವನ್ನು ಹೊರಲಾರದವನು ಬೀದಿಯಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿಯದಿರುವುದು ಲೇಸು.

ಹಾಗಾದರೆ ಒರೆಗಲ್ಲು ಯಾವುದು? ಈ ಚಿತ್ರದ ಪ್ರತಿಯನ್ನು ಚಿತ್ರದಲ್ಲಿರುವವರ ಕೈಗೆ ನಾನೇ ಕೊಡಬಲ್ಲೆನೆ, ಕೊಟ್ಟು ಅವರ ಮುಖವನ್ನು ನೋಡುತ್ತ ನಿಲ್ಲಬಲ್ಲೆನೆ ಎಂದು ಕೇಳಿಕೊಳ್ಳುವುದೇ ಒರೆಗಲ್ಲೆಂದು ನನ್ನ ಅಭಿಪ್ರಾಯ. ಬರ್ಲಿನ್ನಿನ ಮೈಬಾಖೂಫರ್ ಎಂಬ ಕಾಲುವೆಯ ದಂಡೆಯಲ್ಲಿ ಮಂಗಳವಾರ, ಶುಕ್ರವಾರಗಳಂದು ತುರ್ಕರ ಸಂತೆ ಸೇರುತ್ತದೆ. 1961ರ ಒಪ್ಪಂದದ ಮೇಲೆ ಕೂಲಿಗಾಗಿ ಪಶ್ಚಿಮ ಜರ್ಮನಿಗೆ ಬಂದ ತುರ್ಕರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ತರಕಾರಿ, ಬಟ್ಟೆ, ಆಲಿವ್ ಕಾಯಿಗಳನ್ನು ಕೂಗಿ ಮಾರುತ್ತಾರೆ. ಸೊಪ್ಪು ಮಾರುವ ಹೆಂಗಸೊಬ್ಬಳು ನನ್ನ ಕ್ಯಾಮೆರಾವನ್ನು ಕಂಡು ಅಂಗೈಯನ್ನು ಅಡ್ಡ ಹಿಡಿದಳು. ಚಿತ್ರ ತೆಗೆಯಲಿಲ್ಲ, ಒಂದು ಕಂತೆ ಸೊಪ್ಪು ಕೊಂಡೆ. ಆಲಿವ್ ಮಾರುವ ಮುದುಕ ತಲೆಯಾಡಿಸಿ ಒಪ್ಪಿದನು. ಎರಡು ಶುಕ್ರವಾರಗಳು ಕಳೆದ ಮೇಲೆ ಪ್ರತಿಯನ್ನು ಕೊಂಡೊಯ್ದು ಕೊಟ್ಟಾಗ ಅವನು ತನ್ನ ಮುಖವನ್ನು ನೋಡಿದಂತೆ ಕಾಣಲಿಲ್ಲ. ಬೆಲೆಯ ಹಲಗೆಯ ಮೇಲೆ ಬೆರಳಿಟ್ಟು, ಈಗ ಬೆಲೆ ಏರಿದೆಯೆಂದು ಸನ್ನೆಮಾಡಿ ನಕ್ಕನು. ಚಿತ್ರದಲ್ಲಿ ನನಗೆ ಮುಖ್ಯವಾಗಿ ಕಂಡುದು ಅವನ ಕೈಯ ಸುಕ್ಕುಗಳು. ಅವನಿಗೆ ಮುಖ್ಯವಾದುದು ಅವನ ವ್ಯಾಪಾರ. ಯಾರ ಬಾಳನ್ನು ಚಿತ್ರಿಸುತ್ತೇವೆಯೋ ಅವರ ದೃಷ್ಟಿಯಿಂದ ಅದನ್ನು ನೋಡುವ ಪಾಠ ಬೇರೆಲ್ಲಿಯೂ ಇಷ್ಟು ಸುಲಭವಾಗಿ ಸಿಕ್ಕದು.

ಕೇಳಿ ತೆಗೆದರೆ ಸಹಜತೆ ಹಾಳಾಗುವುದೆಂಬ ಆಕ್ಷೇಪವುಂಟು. ಅದು ಹಗುರವಾದ ಆಕ್ಷೇಪವಲ್ಲ. ನೀರಿನ ಮೇಲೆ ಹಾರುವವನನ್ನು ನಿಲ್ಲಿಸಿ ಒಪ್ಪಿಗೆ ಕೇಳುವುದು ಹೇಗೆ? ಎಲ್ಲರನ್ನೂ ಮೊದಲೇ ಕೇಳಬೇಕೆಂದು ನಾನು ಹೇಳುವುದಿಲ್ಲ. ಕೇಳಲಾಗದ ಕಡೆ ಆ ಪ್ರಶ್ನೆಯನ್ನು ಆಯ್ಕೆಯ ಕಾಲಕ್ಕೆ ಮುಂದೂಡಬಹುದು. ಫಿಲ್ಮು ಕೊಡುವ ವಿಳಂಬ ಇಲ್ಲಿ ಎರಡನೆಯ ಸಲ ನಮ್ಮ ನೆರವಿಗೆ ಬರುತ್ತದೆ. ರೀಲು ತೊಳೆದು ಬಂದಾಗ, ಮೂವತ್ತಾರು ಚಿಕ್ಕ ಚಿತ್ರಗಳು ಒಂದೇ ಹಾಳೆಯ ಮೇಲೆ ಇರುವಾಗ, ಬೀದಿಯ ಆವೇಶ ಇಳಿದಿರುತ್ತದೆ. ಆಗ ಯಾವುದು ಚೆಲುವಾಗಿದೆಯೆಂದು ಮಾತ್ರವಲ್ಲ, ಯಾವುದು ಒಬ್ಬರ ದುಃಖವನ್ನೋ ಅವಮಾನವನ್ನೋ ನಮ್ಮ ಜಾಣತನಕ್ಕೆ ಬಳಸಿಕೊಂಡಿದೆಯೆಂದೂ ಕಾಣುತ್ತದೆ. ಅಂಥದನ್ನು ಎಷ್ಟೇ ಚೆಲುವಾಗಿದ್ದರೂ ಬದಿಗಿಡಬೇಕು. ನಮ್ಮ ಆಲಂಕಾರಿಕರು ಔಚಿತ್ಯವೆಂದುದು ಇಂಥ ಬಿಡುವಿಕೆಯನ್ನೂ ಒಳಗೊಂಡಿದೆ.

ಈ ದಾರಿಯಲ್ಲಿ ನಡೆದವರು ನಮ್ಮಲ್ಲಿಯೂ ಇದ್ದರು. ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು ಫಿಲ್ಮಿನ ಮೇಲೆ ಬರೆದಿಟ್ಟವರು. ಸಿಡುಬಿನ ನಿರ್ಮೂಲನದ ಕಾರ್ಯವನ್ನೂ ಮಕ್ಕಳ ಲೋಕವನ್ನೂ ಅವರು ಚಿತ್ರಿಸಿದರು. ‘ಕಾಲಕ್ಕೆ ಕನ್ನಡಿ’ ಎಂಬ ಆತ್ಮಕಥೆಯನ್ನು ಕನ್ನಡದಲ್ಲಿ ಬರೆದರು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಬಡತನದ ಪ್ರದರ್ಶನವಿಲ್ಲ. ಆ ಜನರೊಡನೆ ಅವರು ಕುಳಿತು ಮಾತನಾಡಿದ್ದಾರೆಂದು ಚಿತ್ರವೇ ಹೇಳುತ್ತದೆ.

ಹೊರದೇಶಕ್ಕೆ ಹೊರಟಿರುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆಗಳು ಕೆಲವೇ. ಇಡೀ ನಗರವನ್ನು ಸುತ್ತದೆ ಒಂದೇ ಬೀದಿಯನ್ನು ಆರಿಸಿಕೊಂಡು, ಅಲ್ಲಿಗೆ ದಿನವೂ ಒಂದೇ ಹೊತ್ತಿಗೆ ಹೋಗಿರಿ. ಮೂರನೆಯ ವಾರದಲ್ಲಿ ವಿಲಕ್ಷಣವೆಲ್ಲ ಮಾಮೂಲಾಗಿ, ಮಾಮೂಲಾದುದು ಕಾಣತೊಡಗುತ್ತದೆ. ಆ ದೇಶದ ಕಾಯಿದೆಯನ್ನು ಮೊದಲು ತಿಳಿದುಕೊಳ್ಳಿರಿ, ‘ತೆಗೆಯಬಹುದೆ?’ ಎಂಬ ಒಂದು ವಾಕ್ಯವನ್ನು ಅಲ್ಲಿನ ಭಾಷೆಯಲ್ಲಿ ಕಲಿಯಿರಿ. ಮಲಗಿರುವ ನಿರ್ಗತಿಕರನ್ನೂ ಅಳುತ್ತಿರುವವರನ್ನೂ ಬಿಡಿರಿ. ವಿಮಾನ ನಿಲ್ದಾಣಗಳಲ್ಲಿ ಈಗ ಬಂದಿರುವ ಹೊಸ ಬಗೆಯ ಸ್ಕ್ಯಾನರುಗಳು ಫಿಲ್ಮನ್ನು ಕೆಡಿಸುವುದರಿಂದ ರೀಲುಗಳನ್ನು ಕೈಯಿಂದಲೇ ಪರಿಶೀಲಿಸಲು ವಿನಯದಿಂದ ಕೇಳಿಕೊಳ್ಳಿರಿ. ಫಿಲ್ಮಿನ ಬೆಲೆ ಈಗ ವಿದ್ಯಾರ್ಥಿಯ ಜೇಬಿಗೆ ಭಾರವೆಂಬುದು ನಿಜ. ಕೊಳ್ಳಲಾಗದವರು ಫೋನಿನಲ್ಲಿಯೇ ವಾರಕ್ಕೆ ಮೂವತ್ತಾರು ಚಿತ್ರಗಳನ್ನು ತೆಗೆದು, ಮುಂದಿನ ವಾರದವರೆಗೆ ತೆರೆದು ನೋಡದೆ ಇರುವ ವ್ರತವನ್ನು ಹಿಡಿಯಬಹುದು. ಆ ಸಂಯಮ ಕೈಗೂಡಿದರೆ ಕ್ಯಾಮೆರಾ ಯಾವುದಾದರೇನು?

ಪರದೇಶದ ಪಾಠಕ್ಕೆ ಪರೀಕ್ಷೆ ನಡೆಯುವುದು ಊರಿಗೆ ಮರಳಿದ ಮೇಲೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದಲ್ಲಾಗಲಿ ಆ ಹರಿತವಾದ ಕಣ್ಣು ಹಾಗೆಯೇ ತೆರೆದಿರುವುದೆ, ಹೂವಿನವಳು ಮಾಲೆ ಕಟ್ಟುವಾಗ ದಾರವನ್ನು ಹಲ್ಲಿನಲ್ಲಿ ಹಿಡಿಯುವ ಬಗೆ ಕಾಣುವುದೆ ಎಂದು ನೋಡಿಕೊಳ್ಳಬೇಕು. ನಮ್ಮ ಕಾಲೇಜುಗಳ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಕವಿಗೋಷ್ಠಿಯ ಜೊತೆಗೆ ವಿದ್ಯಾರ್ಥಿಗಳು ತಮ್ಮ ಊರಿನ ಬೀದಿಯಲ್ಲಿ ತೆಗೆದ ಚಿತ್ರಗಳ ಪ್ರದರ್ಶನವನ್ನೂ ಏರ್ಪಡಿಸಬಹುದು. ಒಂದು ನಿಬಂಧನೆಯಿರಲಿ: ಯಾರ ಮುಖ ಚಿತ್ರದಲ್ಲಿದೆಯೋ ಅವರನ್ನು ಮೊದಲು ಕಂಡು ಒಪ್ಪಿಗೆ ಪಡೆದು, ಪ್ರದರ್ಶನಕ್ಕೆ ಆಹ್ವಾನಿಸಬೇಕು. ಮುಂದಿನ ಸಾಲಿನ ಕುರ್ಚಿಗಳನ್ನು ಅತಿಥಿಗಳಿಗಿಂತ ಮೊದಲು ಅವರಿಗೆ ಮೀಸಲಿಡಬೇಕು. ಅವರು ಬಂದು, ನೋಡಿ, ಏನು ಹೇಳುತ್ತಾರೆಂಬುದನ್ನು ಕೇಳುವ ಧೈರ್ಯ ನಮ್ಮ ವಿದ್ಯಾರ್ಥಿಗಳಿಗೆ ಬರಲಿ.